ಚಿರತೆ ಓಡಾಡುವ ಊರಿನಲ್ಲಿ ಕುರಿ-ಮೇಕೆ ರೊಪ್ಪ ಭದ್ರಪಡಿಸುವ ಬಗೆ, ಜೊತೆಗೆ ಊರವರು ಪಾಲಿಸಬೇಕಾದ ಎಚ್ಚರಗಳು

ತುಮಕೂರು, ರಾಮನಗರ, ಮಂಡ್ಯ, ಮೈಸೂರು, ಹಾಸನ, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಕಲ್ಲುಗುಡ್ಡಗಳ ಬುಡದ ಊರುಗಳಿಗೆ ಚಿರತೆ ಹೊಸದಲ್ಲ. 2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಆ ಎಣಿಕೆ ನಡೆದದ್ದು ಹೆಚ್ಚಾಗಿ ಕಾಡುಗಳಲ್ಲಿ. ಕಬ್ಬಿನ ಗದ್ದೆ, ಜಾಲಿ ಪೊದೆ, ಕೆರೆಯಂಗಳಗಳಲ್ಲಿ ಬದುಕುವವು ಅದರೊಳಗೆ ಪೂರ್ತಿ ಸೇರಿಲ್ಲ. ಹಗಲೆಲ್ಲ ಬಂಡೆಯ ಸಂದಿನಲ್ಲೋ ಕಬ್ಬಿನ ನಡುವೆಯೋ ಮಲಗಿದ್ದು, ಕತ್ತಲಾದ ಮೇಲೆ ಊರಂಚಿನಲ್ಲಿ ನಾಯಿ ಹುಡುಕಿಕೊಂಡು ಓಡಾಡುವುದು ಅದರ ದಿನಚರಿ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿ ನಡೆಸಿದ ಅಧ್ಯಯನದಲ್ಲಿ, ತೂಕದ ಲೆಕ್ಕದಲ್ಲಿ ಅದರ ಆಹಾರದ ನೂರಕ್ಕೆ 39 ಪಾಲು ನಾಯಿ ಎಂದು ಕಂಡುಬಂತು. ಕುರಿ, ಮೇಕೆ, ದನಗಳ ಪಾಲು ಅದಕ್ಕಿಂತ ಕಡಿಮೆ.

ಅಂದರೆ ಚಿರತೆ ರೊಪ್ಪಕ್ಕೆ ಬರುವುದು ಅಲ್ಲಿ ಸುಲಭಕ್ಕೆ ಸಿಕ್ಕಿದಾಗ. ಊರಿನ ಎಲ್ಲೆಯೊಳಗೆ ಅದು ಬಾರದಂತೆ ತಡೆಯಲು ಯಾರಿಂದಲೂ ಆಗದು. ಆದರೆ ರೊಪ್ಪದೊಳಗೆ ಬಾರದಂತೆ ತಡೆಯಲು ಒಬ್ಬ ಗಾರೆಯವನು, ಒಬ್ಬ ವೆಲ್ಡಿಂಗ್‌ನವನು ಸಾಕು. ಸಿಟ್ಟು ಶುರುವಾಗುವುದೇ ಒಂದು ರಾತ್ರಿಯಲ್ಲಿ ಹತ್ತು ಕುರಿ ಸತ್ತ ಮನೆಯಿಂದ. ಬೋನಿನ ಬೇಡಿಕೆ, ಉರುಳು, ವಿಷ ಎಲ್ಲವೂ ಆಮೇಲೆ ಬರುವಂಥವು. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ರೊಪ್ಪದ ಬಗ್ಗೆಯೇ ಇದೆ.

ರೊಪ್ಪ ಸೋಲುವುದು ಎಲ್ಲಿ

ಒಳ್ಳೆಯ ಗೋಡೆ ಕಟ್ಟಿಯೂ ಕುರಿ ಕಳೆದುಕೊಂಡವರ ರೊಪ್ಪ ನೋಡಿದರೆ ದಾರಿ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ: ಗೋಡೆಗೂ ಸೂರಿಗೂ ನಡುವಿನ ಸಂದು, ಬಾಗಿಲು, ಸೂರು.

ಗಾಳಿಯಾಡಲಿ ಎಂದು ಗೋಡೆಯ ಮೇಲೆ ಒಂದೂವರೆ ಅಡಿ ಬಿಟ್ಟಿರುತ್ತಾರೆ. ಆರಡಿ ಗೋಡೆ ಚಿರತೆಗೆ ಲೆಕ್ಕಕ್ಕಿಲ್ಲ. ನಿಂತಲ್ಲಿಂದ ಹತ್ತಡಿ ಎತ್ತರಕ್ಕೆ ಹಾರಿ ಮುಂಗಾಲು ಊರಿ ಮೇಲೇರುತ್ತದೆ, ತಲೆ ತೂರುವಷ್ಟು ಜಾಗವಿದ್ದರೆ ಮೈಯನ್ನೂ ತೂರಿಸುತ್ತದೆ. ಬಾಗಿಲಿನ ಕಥೆ ಇನ್ನೂ ಸರಳ: ತಂತಿ ಸುತ್ತಿದ ಬಿದಿರ ತಡಿಕೆ, ಒಂದೇ ಚಿಲಕ, ಕೆಳಗೆ ಅರ್ಧ ಅಡಿ ಸಂದು. ಸೂರಂತೂ ಎಲ್ಲರೂ ಮರೆಯುವ ಜಾಗ. ನಾಡಹೆಂಚನ್ನು ಚಿರತೆ ಕಾಲಿನಿಂದ ಸರಿಸುತ್ತದೆ, ತೆಂಗಿನ ಗರಿಯನ್ನು ಬಗೆಯುತ್ತದೆ. ಸಿಮೆಂಟ್ ಶೀಟು ಅದರ ಭಾರಕ್ಕೆ ಒಡೆದು ಚಿರತೆಯೇ ಒಳಗೆ ಬೀಳುತ್ತದೆ. ಗಂಡು ಚಿರತೆ 50ರಿಂದ 70 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ.

ಒಳಗೆ ಬಿದ್ದ ಮೇಲೆ ಒಂದೇ ಕುರಿಗೆ ಏಕೆ ನಿಲ್ಲುವುದಿಲ್ಲ ಎಂದು ಜನ ಕೇಳುತ್ತಾರೆ. ಬಯಲಿನಲ್ಲಾದರೆ ಒಂದನ್ನು ಹಿಡಿದೊಡನೆ ಉಳಿದವು ಓಡಿಹೋಗುತ್ತವೆ, ಚಿರತೆ ತನ್ನದನ್ನು ಹೊತ್ತು ಹೋಗುತ್ತದೆ. ಮುಚ್ಚಿದ ರೊಪ್ಪದಲ್ಲಿ ಓಡಲು ಜಾಗವಿಲ್ಲದ ಕುರಿಗಳು ಅದರ ಸುತ್ತಲೇ ಸುತ್ತುತ್ತವೆ. ಎದುರಿನಲ್ಲಿ ಅಲುಗಿದ್ದನ್ನೆಲ್ಲ ಅದು ಕಚ್ಚುತ್ತದೆ. ಬಂದ ದಾರಿಯಲ್ಲಿ ಹೊರಹೋಗಲಾಗದೆ ಬೆಳಗಿನವರೆಗೆ ಅಲ್ಲೇ ಸಿಕ್ಕಿಬಿದ್ದರಂತೂ ಒಂದೂ ಉಳಿಯುವುದಿಲ್ಲ. ಅರ್ಧಂಬರ್ಧ ಭದ್ರವಾದ ರೊಪ್ಪ ಬಯಲಿಗಿಂತ ಅಪಾಯ ಎನ್ನುವುದು ಈ ಕಾರಣಕ್ಕೆ.

20 ಕುರಿ-ಮೇಕೆಗೆ ಹೊಸ ರೊಪ್ಪ

ಬೆಳೆದ ಒಂದು ಕುರಿಗೆ 10ರಿಂದ 12 ಚದರ ಅಡಿ ಬೇಕು. ಇಪ್ಪತ್ತಕ್ಕೆ 20 ಅಡಿ ಉದ್ದ, 12 ಅಡಿ ಅಗಲ ಸರಿಯಾಗುತ್ತದೆ. ಮರಿಗಳಿಗೆ ಒಂದು ಮೂಲೆಯಲ್ಲಿ ನಾಲ್ಕಡಿಯ ಅಡ್ಡತಡೆ ಹಾಕಿ.

ಜಾಗ ಆರಿಸುವಾಗ ಮನೆಯಿಂದ 30ರಿಂದ 50 ಅಡಿಯೊಳಗೆ, ಮಲಗುವ ಕೋಣೆಯ ಕಿಟಕಿಯಿಂದ ಬಾಗಿಲು ಕಾಣುವಂತೆ ಇಟ್ಟುಕೊಳ್ಳಿ. ಬಾಳೆ ತೋಟದ ಬೆನ್ನಿಗೆ, ತಿಪ್ಪೆಯ ಪಕ್ಕ ಬೇಡ. ಸುತ್ತ ಹತ್ತಡಿಯೊಳಗೆ ಬಾಗಿದ ಕೊಂಬೆ, ಹುಲ್ಲಿನ ಬಣವೆ, ಸೌದೆ ರಾಶಿ ಇರಕೂಡದು. ಅವು ಚಿರತೆಗೆ ಮೆಟ್ಟಿಲಾಗುತ್ತವೆ. ಲಂಟಾನ ಪೊದೆಯನ್ನು ರೊಪ್ಪದ ಸುತ್ತ 50 ಅಡಿಯವರೆಗೆ ಸವರಿ. ಅದಕ್ಕೂ ಆಚೆಯ ಬೇಲಿ, ಪೊದೆಗಳನ್ನು ಕಡಿಯುವುದು ಬೇಡ. ಮೊಲ, ನವಿಲು, ಕಾಡುಹಂದಿ ಇರುವಷ್ಟು ಕಾಲ ಚಿರತೆಗೆ ಅಲ್ಲೂ ಊಟವಿರುತ್ತದೆ.

ಸೂರು ಒಂದೇ ಕಡೆಗೆ ಇಳಿಜಾರಾಗಿರಲಿ: ಹಿಂಬದಿ ಆರೂವರೆ ಅಡಿ, ಮುಂಬದಿ ಎಂಟು ಅಡಿ. ಕಂಬಕ್ಕೆ ಎರಡಂಗುಲದ ಜಿಐ ಪೈಪು. ಉದ್ದದ ಎರಡು ಬದಿಗೆ ಐದಡಿಗೊಂದರಂತೆ ತಲಾ ಐದು, ಅಗಲದ ಬದಿಗಳ ನಡುವೆ ಒಂದೊಂದು, ಒಟ್ಟು 12 ಕಂಬ. ಪ್ರತಿಯೊಂದೂ ನೆಲದೊಳಗೆ ಎರಡಡಿ ಇಳಿಯಬೇಕು. ಗುಂಡಿ ಒಂದಡಿ ಅಗಲವಿರಲಿ, ಸಿಮೆಂಟು, ಮರಳು, ಜಲ್ಲಿಯನ್ನು 1:2:4ರ ಅಳತೆಯಲ್ಲಿ ತುಂಬಿ. 20 ಅಡಿಯ ಪೈಪನ್ನು ಎರಡು ತುಂಡು ಮಾಡಿದರೆ ಆರು ಪೈಪಿನಲ್ಲಿ ಕಂಬ ಮುಗಿಯುತ್ತದೆ. ತುಮಕೂರು, ಕೋಲಾರದ ಕಡೆ ಕಲ್ಲುಕಂಬ ಅಗ್ಗಕ್ಕೆ ಸಿಕ್ಕರೆ ಅದೂ ಆದೀತು. ಆದರೆ ಅದಕ್ಕೆ ಮೆಶ್ (ತಂತಿಜಾಲರಿ) ವೆಲ್ಡಿಂಗ್ ಆಗುವುದಿಲ್ಲ, ತೂತು ಕೊರೆಸಿ ಬೋಲ್ಟು ಹಾಕಬೇಕು. ಕಲ್ಲುಕಂಬಕ್ಕೆ ಬರಿಯ ತಂತಿ ಸುತ್ತಿ ಬಿಟ್ಟರೆ ಎರಡು ಮಳೆಗಾಲದಲ್ಲಿ ಜಾರಿ ಸಡಿಲವಾಗುತ್ತದೆ.

ಬುಡದಲ್ಲಿ ಎರಡೂವರೆ ಅಡಿ ಎತ್ತರದ ಗಟ್ಟಿ ಗೋಡೆ ಕಟ್ಟಿ. 6 ಅಂಗುಲ ದಪ್ಪ, 16×8 ಅಂಗುಲ ಮುಖದ ಸಿಮೆಂಟ್ ಇಟ್ಟಿಗೆ ಸುಮಾರು 180 ಬೇಕಾಗುತ್ತದೆ. ಪಾಯ ಒಂದೂವರೆ ಅಡಿ, ಸೈಜುಗಲ್ಲಿನದು. ಈ ಗೋಡೆಯ ಖರ್ಚು ಉಳಿಸಲು ನೆಲದಿಂದಲೇ ಮೆಶ್ ಕಟ್ಟುವವರಿದ್ದಾರೆ. ಕುರಿಗಳು ಮೆಶ್‌ಗೆ ಒರಗಿ ಮಲಗುತ್ತವೆ, ಚಿರತೆ ಹೊರಗಿನಿಂದ ಪಂಜ ಹಾಕಿ ಕಾಲು, ಕಿವಿ, ಕೆಚ್ಚಲು ಹರಿಯುತ್ತದೆ. ಕುರಿ ಸಾಯದಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಗೋಡೆಯಿದ್ದರೆ ಮಲಗಿದ ಕುರಿ ಹೊರಗೆ ಕಾಣುವುದೂ ಇಲ್ಲ, ತೋಳ, ಬೀದಿನಾಯಿಗಳು ಬುಡ ತೋಡಿ ನುಗ್ಗುವುದೂ ತಪ್ಪುತ್ತದೆ. ಗಂಜಲ ಹರಿಯುವ ತೂತು ಮೂರಂಗುಲ ಮೀರದಿರಲಿ, ಅದಕ್ಕೂ ಜಾಲರಿ ಕೂರಿಸಿ.

ಗೋಡೆಯ ಮೇಲಿಂದ ಸೂರಿನವರೆಗೆ ವೆಲ್ಡ್ ಮೆಶ್. ಕಣ್ಣು 2×2 ಅಂಗುಲ, ತಂತಿ 10 ಗೇಜ್. ಅಂಗಡಿಯಲ್ಲಿ ಅದೇ ಕಣ್ಣಿನ 14 ಗೇಜ್ ತೋರಿಸಿ ಬೆಲೆ ಕಡಿಮೆ ಎನ್ನುತ್ತಾರೆ; ಅದು ಕೋಳಿಗೂಡಿಗೆ ಸರಿ, ಚಿರತೆಗೆ ಸಾಲದು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು ಎಂಬುದನ್ನು ಮರೆಯಬೇಡಿ. 10 ಗೇಜ್ ತಂತಿ ಮೂರು ಮಿ.ಮೀ.ಗಿಂತ ತುಸು ದಪ್ಪವಿರುತ್ತದೆ, ಅಳತೆ ಹಾಕಿ ನೋಡಿಯೇ ತನ್ನಿ. ಚೈನ್‌ಲಿಂಕ್ ಕೂಡ ಬಳಸಬಹುದು, ಆದರೆ ಅದು ಜೋಲುತ್ತದೆ. ಒಂದು ಕಡೆ ಬಿಟ್ಟರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ನಾಲ್ಕಡಿ ಅಗಲದ ಸುರುಳಿ ತಂದರೆ ಎರಡೂವರೆ ಅಡಿ ಗೋಡೆಯ ಮೇಲೆ ಸರಿಯಾಗಿ ಆರೂವರೆ ಅಡಿ ಆಗುತ್ತದೆ, ಕತ್ತರಿಸುವ ಕೆಲಸ ತಪ್ಪುತ್ತದೆ. ಸುತ್ತಳತೆ 64 ಅಡಿ, ಮೇಲುಹೊದಿಕೆಗೆ ಆರಡಿ, ಮುಂಬದಿಯ ಒಂದೂವರೆ ಅಡಿ ಪಟ್ಟಿಗೂ ಅಕ್ಕಪಕ್ಕದ ತ್ರಿಕೋನಗಳಿಗೂ 12 ಅಡಿ, ಒಟ್ಟು 82 ಅಡಿ. 50 ಅಡಿಯ ಎರಡು ಸುರುಳಿ ಸಾಕು. ಎರಡು ತುಂಡು ಸೇರುವಲ್ಲಿ ಆರಂಗುಲ ಒಂದರ ಮೇಲೊಂದು ಬರಬೇಕು.

ಮೆಶ್ ಕಂಬದ ಹೊರಮುಖಕ್ಕೆ ಇರಲಿ. ಚಿರತೆ ಹೊರಗಿನಿಂದ ಒತ್ತಿದಾಗ ಮೆಶ್ ಕಂಬಕ್ಕೇ ಅದುಮಿಕೊಳ್ಳುತ್ತದೆ. ಒಳಮುಖಕ್ಕೆ ಕಟ್ಟಿದರೆ ಅದರ ಬಲವೆಲ್ಲ ಕಟ್ಟಿನ ಮೇಲೆ ಬೀಳುತ್ತದೆ. ಕಂಬಿ ಕಟ್ಟುವ ತೆಳು ಬೈಂಡಿಂಗ್ ತಂತಿ ಇಲ್ಲಿ ಕೆಲಸಕ್ಕೆ ಬಾರದು, ತುಕ್ಕು ಹಿಡಿದು ವರ್ಷದೊಳಗೆ ಉದುರುತ್ತದೆ. ಮೂರು ಮಿ.ಮೀ. ಪಟ್ಟಿಯನ್ನು ಮೆಶ್ ಮೇಲಿಟ್ಟು ಕಂಬಕ್ಕೆ ವೆಲ್ಡ್ ಮಾಡಿಸಿ, ಇಲ್ಲವೇ ಆರಂಗುಲಕ್ಕೊಂದರಂತೆ ಬೋಲ್ಟು ಹಾಕಿ. ವೆಲ್ಡ್ ಮಾಡಿದ ಜಾಗಕ್ಕೆ ಸತುವಿನ ಬಣ್ಣ ಬಳಿಯದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಸೂರಿಗೆ 0.5 ಮಿ.ಮೀ. ದಪ್ಪದ ತಗಡು, 14 ಅಡಿ ಉದ್ದದವು ಏಳು. ಅಡ್ಡಪೈಪುಗಳ ನಡುವೆ ಎರಡೂವರೆ ಅಡಿಗಿಂತ ಹೆಚ್ಚು ಅಂತರ ಬೇಡ. ಹೀಗೆ ಬಿಗಿದ ತಗಡಿಗೆ ಕೆಳಗೆ ಮೆಶ್ ಅಗತ್ಯವಿಲ್ಲ. ಹೆಂಚು, ಸಿಮೆಂಟ್ ಶೀಟು, ಗರಿ ಯಾವುದೇ ಆದರೂ ಅದರ ಕೆಳಗೆ ಅದೇ 10 ಗೇಜ್ ಮೆಶ್ ಹಾಸಬೇಕು, ಇನ್ನೂ ಎರಡು ಸುರುಳಿ ಹಿಡಿಯುತ್ತದೆ. ತಗಡಿನ ಮೇಲೆ ಕಲ್ಲು ಹೇರಿ ಬಿಡುವ ರೂಢಿ ಗಾಳಿಗೇ ನಿಲ್ಲುವುದಿಲ್ಲ.

ಬಾಗಿಲು ಮೂರಡಿ ಅಗಲ, ಐದೂವರೆ ಅಡಿ ಎತ್ತರ. 35×35×5 ಮಿ.ಮೀ. ಆಂಗಲ್‌ನ ಚೌಕಟ್ಟು, ಕೆಳಗಿನ ಅರ್ಧಕ್ಕೆ ತಗಡು, ಮೇಲಿನ ಅರ್ಧಕ್ಕೆ ಮೆಶ್, ಮೂರು ತಿರುಗಣಿ. ಬಾಗಿಲು ಹೊರಕ್ಕೆ ತೆರೆಯಬೇಕು. ಆಗ ಚಿರತೆ ದಬ್ಬಿದಷ್ಟೂ ಚೌಕಟ್ಟಿಗೆ ಕೂರುತ್ತದೆ. ಆದರೆ ಹೆದರಿದ ಇಪ್ಪತ್ತು ಕುರಿಗಳು ಒಳಗಿನಿಂದ ಒಟ್ಟಿಗೆ ನೂಕಿದರೆ ಒಂದು ಚಿಲಕ ಬಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಇಂಥ ರೊಪ್ಪಗಳಲ್ಲಿ ಕುರಿಗಳೇ ಹೊರಗೆ ನುಗ್ಗಿ ಚಿರತೆಯ ಬಾಯಿಗೆ ಬೀಳುತ್ತವೆ. ಮೇಲೊಂದು, ಕೆಳಗೊಂದು, 12 ಮಿ.ಮೀ. ಸರಳಿನ ಎರಡು ಚಿಲಕ ಬೇಕೇ ಬೇಕು. ಹೊಸ್ತಿಲಿಗೆ ಕಾಂಕ್ರೀಟ್ ಹಾಕಿ, ಬಾಗಿಲ ಕೆಳಗಿನ ಸಂದು ಎರಡಂಗುಲ ದಾಟದಿರಲಿ.

ಮಳೆಗಾಲದಲ್ಲಿ ನಾಲ್ಕೂ ಬದಿಗೆ ಟಾರ್ಪಾಲು ಇಳಿಬಿಟ್ಟು ರೊಪ್ಪವನ್ನು ಪೆಟ್ಟಿಗೆ ಮಾಡಬೇಡಿ. ಗಂಜಲದ ಘಾಟು ತುಂಬಿ ಮರಿಗಳಿಗೆ ಶ್ವಾಸಕೋಶದ ಸೋಂಕು ಹಿಡಿಯುತ್ತದೆ, ಮನೆಯವರು ಬೇಸತ್ತು ಮೆಶ್ ಕಿತ್ತು ಹಾಕುತ್ತಾರೆ. ಮಳೆ ಹೊಡೆಯುವ ಬದಿಗೆ ಮಾತ್ರ ಗೋಣಿ ಸಾಕು.

ಹಣ ಕೂಡಿಬಾರದಿದ್ದರೆ ಇರುವ ಕೊಟ್ಟಿಗೆಯನ್ನೇ ಸರಿಪಡಿಸಿ. ಮೊದಲು ಬಾಗಿಲು, ಆಮೇಲೆ ಗೋಡೆ-ಸೂರಿನ ಸಂದಿಗೆ ಮೆಶ್, ಮೂರನೆಯದು ಸೂರು. ಗೋಡೆ ಕೊನೆಗೆ. ಹೆಚ್ಚಿನವರು ಇದನ್ನು ತಿರುವು ಮುರುವು ಮಾಡಿ ಗೋಡೆ ಎತ್ತರಿಸಲು ದುಡ್ಡೆಲ್ಲ ಸುರಿಯುತ್ತಾರೆ, ಅದೇ ಹಳೆಯ ತಡಿಕೆಯ ಬಾಗಿಲು ಉಳಿದಿರುತ್ತದೆ.

ಮೆಶ್‌ಗೆ ಮನೆಯ 230 ವೋಲ್ಟ್ ಕರೆಂಟು ಹರಿಸುವ ಕೆಲಸಕ್ಕೆ ಕೈಹಾಕಲೇಬೇಡಿ. ಕಾನೂನಿನ ಮಾತು ಹಾಗಿರಲಿ, ಮೊದಲು ಸಾಯುವುದು ಬೆಳಗ್ಗೆ ಹಾಲು ಕರೆಯಲು ಬಂದ ಮನೆಯವರು. ಮಿನುಗುವ ಸೋಲಾರ್ ದೀಪ ಸಹಾಯಕ್ಕೆ ಬರುತ್ತದೆ, ಆದರೆ ಒಂದೇ ಜಾಗದಲ್ಲಿ ವಾರಗಟ್ಟಲೆ ಮಿನುಗಿದರೆ ಚಿರತೆಗೆ ರೂಢಿಯಾಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸಿ. ದೀಪವಿದೆ ಎಂದು ಚಿಲಕ ಹಾಕದೆ ಮಲಗುವಂತಿಲ್ಲ.

ರೊಪ್ಪ ಮುಗಿದ ಮೇಲೆ ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಕೈಯಿಂದ ಎಳೆದು ನೋಡಿ: ತಿರುಗಣಿ, ಚಿಲಕ, ಮೆಶ್ ಸೇರಿದ ಜಾಗ, ಗಂಜಲದ ತೂತು. ಇಲಿ, ಹೆಗ್ಗಣ ತೋಡಿದ ಬಿಲಗಳಿಗೆ ಕಲ್ಲು ತುಂಬಿ.

ಊರೂರು ತಿರುಗುವ ಕುರುಬರಿಗೆ ಇದಾವುದೂ ಆಗುವ ಮಾತಲ್ಲ. ನಾಲ್ಕಡಿಯ ನೂಲಿನ ಬಲೆ ಕುರಿ ಚದುರದಂತೆ ತಡೆಯುತ್ತದೆ, ಚಿರತೆಯನ್ನಲ್ಲ. ಹಟ್ಟಿ ಹಾಕಲು ಉತ್ತ ಬಯಲು ಹೊಲ ಆರಿಸಿ. ಕಬ್ಬು, ಗುಡ್ಡದ ಬುಡ, ಹಳ್ಳದ ದಂಡೆಯಿಂದ ದೂರವಿರಲಿ. ಇಬ್ಬರು ಎದುರುಬದುರು ಮೂಲೆಯಲ್ಲಿ ಮಲಗಿ, ಗಾಳಿ ಬೀಸುವ ಕಡೆ ಒಂದು ಬೆಂಕಿ ಇಡಿ. ಮರಿಗಳನ್ನು ಕುಕ್ಕೆಯಲ್ಲಿ ಮುಚ್ಚಿ ಮಂದೆಯ ನಡುವೆ ಇಡಿ, ಅಂಚಿನಲ್ಲಲ್ಲ.

ನಾಯಿ, ಕಸ, ಸತ್ತ ದನ

ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಕರೆದಿಟ್ಟ ಊಟ. ಅದು ಬೊಗಳಿ ಎಚ್ಚರಿಸುತ್ತದೆ ಎಂಬ ನಂಬಿಕೆಯಿಂದ ಕಟ್ಟುತ್ತಾರೆ, ಚಿರತೆ ಬರುವುದು ಅದಕ್ಕಾಗಿಯೇ. ರಾತ್ರಿ ನಾಯಿಯನ್ನು ಒಳಗೆ ಅಥವಾ ರೊಪ್ಪದೊಳಗೆ ಬಿಡಿ. ಮಂದೆಯ ಜೊತೆ ಹೋಗುವ ನಾಯಿಗೆ ಮೂರಂಗುಲ ಅಗಲದ ಚರ್ಮದ ಪಟ್ಟಿಗೆ ಹೊರಮುಖವಾಗಿ ಮೊಳೆ ಹೊಡೆದು ಕೊರಳಿಗೆ ಹಾಕಿ. ಚಿರತೆ ಹಿಡಿಯುವುದು ಕುತ್ತಿಗೆಯನ್ನೇ.

ಬೀದಿನಾಯಿ ಹೆಚ್ಚುವುದು ಕೋಳಿ ಅಂಗಡಿಯ ತ್ಯಾಜ್ಯದಿಂದ, ಕೆರೆಯಂಗಳಕ್ಕೆ ಎಸೆದ ಸತ್ತ ಎಮ್ಮೆ-ದನದಿಂದ. ಇದು ಒಬ್ಬ ರೈತ ಸರಿಮಾಡುವ ಕೆಲಸವಲ್ಲ. ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಆರಡಿ ಆಳದ ಗುಂಡಿ, ಮೇಲೆ ಸುಣ್ಣ, ಮೂರಡಿ ಮಣ್ಣು ಎಂಬ ನಿಯಮ ತನ್ನಿ. ಕೋಳಿ ಅಂಗಡಿಗಳ ಪರವಾನಗಿಗೂ ಈ ಷರತ್ತು ಸೇರಲಿ. ಊರಿನ ಬೀದಿನಾಯಿ ಅರ್ಧಕ್ಕಿಳಿದರೆ ಊರೊಳಗೆ ಚಿರತೆಗೆ ಇರುವ ಕೆಲಸವೂ ಇಳಿಯುತ್ತದೆ.

ಜನ

ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ ಮತ್ತು 2023ರ ಜನವರಿಯ ನಡುವೆ ಚಿರತೆ ದಾಳಿಗೆ ನಾಲ್ವರು ಸತ್ತ ಮೇಲೆ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಅಂಥದ್ದು ಅಪರೂಪ, ಆದರೆ ಆಗದ್ದಲ್ಲ. ಅಪಾಯವಿರುವುದು ಮುಸ್ಸಂಜೆ ಮತ್ತು ನಸುಕಿನ ಹೊತ್ತಿಗೆ, ಒಂಟಿಯಾಗಿ ಬಗ್ಗಿ ಕುಳಿತವರಿಗೆ, ಮಕ್ಕಳಿಗೆ. ಹುಲ್ಲು ಕುಯ್ಯಲು ಇಬ್ಬರು ಹೋಗಿ, ಒಬ್ಬರು ನಿಂತಿರಲಿ. ಸಂಜೆ ಆರರ ನಂತರ ಮಕ್ಕಳನ್ನು ಅಂಗಡಿಗೆ ಒಂಟಿಯಾಗಿ ಕಳಿಸಬೇಡಿ. ಜಗುಲಿಯಲ್ಲಿ, ಕಣದಲ್ಲಿ ಮಲಗುವುದಿದ್ದರೆ ಮಂಚದ ಮೇಲೆ, ದೀಪದ ಬೆಳಕಿನಲ್ಲಿ. ಕಬ್ಬಿನ ನಡುವೆ ನೀರು ಕಟ್ಟಲು ಹೋಗುವಾಗ ಮೊಬೈಲಿನಲ್ಲಿ ಹಾಡು ಜೋರಾಗಿರಲಿ. ಮನುಷ್ಯ ಬರುತ್ತಿರುವುದು ಗೊತ್ತಾದರೆ ಚಿರತೆ ತಾನೇ ಸರಿದು ಹೋಗುತ್ತದೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿನಿಂದಾಗಿ ಜನ ಕತ್ತಲಲ್ಲಿ ಗದ್ದೆಗೆ ಹೋಗಲೇಬೇಕಾಗುತ್ತದೆ. ಚಿರತೆ ಓಡಾಟವಿರುವ ಫೀಡರಿಗೆ ಹಗಲು ಕರೆಂಟು ಕೊಡಿ ಎಂದು ಪಂಚಾಯಿತಿಯಿಂದ ವಿದ್ಯುತ್ ಕಂಪನಿಗೂ (ಎಸ್ಕಾಂ) ಅರಣ್ಯ ಇಲಾಖೆಗೂ ಲಿಖಿತ ಅರ್ಜಿ ಕೊಡಿ. ನಮ್ಮ ದೃಷ್ಟಿಯಲ್ಲಿ ಹತ್ತು ಬೋನುಗಳಿಗಿಂತ ಇದು ಹೆಚ್ಚು ಜೀವ ಉಳಿಸುತ್ತದೆ.

ಎದುರಾದರೆ ಓಡಬೇಡಿ, ಬಗ್ಗಬೇಡಿ. ಕೈ ಮೇಲೆತ್ತಿ, ಟವಲನ್ನೋ ಕೋಲನ್ನೋ ಎತ್ತಿ ಹಿಡಿದು, ಗಟ್ಟಿಯಾಗಿ ಕೂಗುತ್ತ ಹಿಂದೆ ಸರಿಯಿರಿ. ಮರಿಯಿರುವ ತಾಯಿಯಾದರೆ ನಿಂತು ಗುರುಗುಟ್ಟುತ್ತದೆ, ಆಗ ಬಂದ ದಾರಿಯಲ್ಲೇ ಹಿಂತಿರುಗಿ.

ಚಿರತೆ ಮನೆಯೊಳಗೆ, ಶಾಲೆಯೊಳಗೆ ಹೊಕ್ಕರೆ ಜನರನ್ನು ಹೊರತಂದು ಬಾಗಿಲು ಮುಚ್ಚಿ. 1926 ಅರಣ್ಯ ಇಲಾಖೆಯ ಸಹಾಯವಾಣಿ, 112 ಪೊಲೀಸರದ್ದು. ಮೊದಲು ಪೊಲೀಸರು ಬಂದು ಗುಂಪನ್ನು ಚದುರಿಸಬೇಕು, ಅರಿವಳಿಕೆ ಕೊಡುವ ಪಶುವೈದ್ಯರ ಕೆಲಸ ಆಮೇಲೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಹೊಕ್ಕ ಚಿರತೆಯನ್ನು ಹಿಡಿಯುವಾಗ ಚಿರತೆ ತಜ್ಞ ಸಂಜಯ್ ಗುಬ್ಬಿಯವರೇ ತೀವ್ರವಾಗಿ ಗಾಯಗೊಂಡರು; ಕಾಡುಪ್ರಾಣಿ ಬಲ್ಲವರ ಪಾಡೇ ಹಾಗಾದರೆ ಕಲ್ಲು ಹಿಡಿದು ಗೋಡೆ ಏರಿದವರ ಗತಿ ಏನು. ಅರಿವಳಿಕೆ ಬಿದ್ದ ಮೇಲೂ ಪ್ರಾಣಿ ಮಲಗಲು ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ, ಗದ್ದಲದಲ್ಲಿ ಇನ್ನೂ ತಡ. ಬಯಲಿನಲ್ಲೋ ಮರದ ಮೇಲೋ ಕಂಡರೆ ಒಂದು ಕಡೆ ಪೂರ್ತಿ ದಾರಿ ಬಿಟ್ಟು, ಕತ್ತಲಾಗುವವರೆಗೆ ಕಾಯುವುದೇ ಸರಿ. ರಾತ್ರಿ ತಾನಾಗಿ ಹೋಗುತ್ತದೆ.

ಕುರಿ ಸತ್ತಾಗ

ಕಳೇಬರವನ್ನು ಎಳೆಯಬೇಡಿ, ಹೂಳಬೇಡಿ. ಮೊಬೈಲಿನಲ್ಲಿ ಸ್ಥಳ ಮತ್ತು ಸಮಯ ಬರುವಂತೆ ಫೋಟೊ ತೆಗೆಯಿರಿ: ಇಡೀ ಪ್ರಾಣಿ, ಗಂಟಲಿನ ಗಾಯ ಹತ್ತಿರದಿಂದ, ಕಿವಿಯ ಬಿಲ್ಲೆ, ಎಳೆದ ಗುರುತು. ಹೆಜ್ಜೆಯ ಮೇಲೆ ಬಾಂಡ್ಲಿ ಕವುಚಿ ಇಡಿ. ಚಿರತೆಯ ಹೆಜ್ಜೆ ಏಳೆಂಟು ಸೆಂ.ಮೀ. ಅಗಲ, ಉಗುರಿನ ಗುರುತು ಇರುವುದಿಲ್ಲ, ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತದೆ. ನಾಯಿಯದಾದರೆ ಉಗುರು ಕಾಣುತ್ತದೆ, ಗಾಯಗಳು ತೊಡೆ, ಬಾಲ, ಕಿವಿಗಳಲ್ಲಿ ಚದುರಿರುತ್ತವೆ. ಚಿರತೆ ಕೊಂದದ್ದಾದರೆ ಗಂಟಲಿನಲ್ಲಿ ಆಳವಾದ ಕೋರೆ ತೂತುಗಳಿರುತ್ತವೆ. ಪರಿಹಾರದ ಎಷ್ಟೋ ಅರ್ಜಿ ತಿರಸ್ಕಾರವಾಗುವುದು ಬೀದಿನಾಯಿ ಕೊಂದದ್ದನ್ನು ಚಿರತೆ ಎಂದು ಬರೆದಾಗ, ಇಲ್ಲವೇ ವೈದ್ಯರು ಬರುವ ಮೊದಲೇ ಹೂತಾಗ.

ಅಂದೇ 1926ಕ್ಕೂ ವಲಯ ಅರಣ್ಯಾಧಿಕಾರಿ ಕಚೇರಿಗೂ ತಿಳಿಸಿ. ಮಹಜರು, ಪಶುವೈದ್ಯರ ಮರಣೋತ್ತರ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಬೇಕು. ಅರ್ಜಿ ಈಗ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಾಗುತ್ತದೆ; ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ದರಗಳು ಸರ್ಕಾರಿ ಆದೇಶದಿಂದ ಆಗಾಗ ಬದಲಾಗುತ್ತವೆ, ಆ ದಿನದ ದರವನ್ನು ಕಚೇರಿಯಲ್ಲೇ ಕೇಳಿ. ಬಂಡೀಪುರ, ನಾಗರಹೊಳೆ ಸುತ್ತಲಿನವರಿಗೆ 2015ರಿಂದ ವೈಲ್ಡ್ ಸೇವೆ ತಂಡ ಅರ್ಜಿ ತುಂಬಲು ನೆರವಾಗುತ್ತಿದೆ.

ಮಹಜರು ಮುಗಿದ ಮೇಲೆ, ಕಳೇಬರ ಮನೆಗಳಿಂದ ದೂರ ಹೊಲದಲ್ಲಿದ್ದರೆ ಒಂದು ರಾತ್ರಿ ಅಲ್ಲೇ ಬಿಡಿ. ಕಸಿದುಕೊಂಡರೆ ಹಸಿದ ಚಿರತೆ ಮರುದಿನ ಇನ್ನೊಂದನ್ನು ಹುಡುಕುತ್ತದೆ. ಕಳೇಬರಕ್ಕೆ ವಿಷ ಹಾಕುವ ಯೋಚನೆ ಯಾರ ತಲೆಗೂ ಬರಬಾರದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು, ವಿಷ ಹಾಕಿದ ಆರೋಪದ ಮೇಲೆ ಜನ ಜೈಲಿಗೆ ಹೋದರು. ಒಂದು ಹಸುವಿನ ಪರಿಹಾರಕ್ಕೆ ಅಲೆಯುವುದು ಕಷ್ಟವೇ, ನಿಜ. ಆದರೆ ಹುಲಿ, ಚಿರತೆಯಂಥ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ ಒಂದರ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ.

ಕಬ್ಬಿನಲ್ಲಿ ಮರಿ ಸಿಕ್ಕರೆ

ತಾಯಿ ಊಟಕ್ಕೆ ಹೋಗಿರುತ್ತದೆ, ಮರಿ ಅನಾಥವಲ್ಲ. ಕಟಾವು ನಿಲ್ಲಿಸಿ, ಆ ಭಾಗದಿಂದ ಎಲ್ಲರೂ ಹೊರಬನ್ನಿ. ಕೈಯಲ್ಲಿ ಎತ್ತಿ ಫೋಟೊ ತೆಗೆಯುವುದು, ಹಸುವಿನ ಹಾಲು ಕುಡಿಸುವುದು, ಮನೆಗೊಯ್ಯುವುದು ಮೂರೂ ಮರಿಗೆ ಮುಳುವು. ಕಾಡುಬೆಕ್ಕಿನ ಮರಿಯನ್ನು ಚಿರತೆ ಎಂದುಕೊಳ್ಳುವುದೂ ಉಂಟು. ಚಿರತೆ ಮರಿಯ ಮೈತುಂಬ ಒತ್ತಾಗಿ ಕಪ್ಪು ಚುಕ್ಕೆ, ತಲೆ ದಪ್ಪ, ಬಾಲ ಉದ್ದ.

ಇಲಾಖೆಯವರು ಬಂದು ಮಾಡಬೇಕಾದದ್ದು ಇಷ್ಟು. ವೈದ್ಯರು ಮರಿಯನ್ನು ಪರೀಕ್ಷಿಸುತ್ತಾರೆ. ಮುಸ್ಸಂಜೆಗೆ, ಸಿಕ್ಕಿದ ಜಾಗದಲ್ಲೇ, ಗಾಳಿಯಾಡುವ ಪ್ಲಾಸ್ಟಿಕ್ ತರಕಾರಿ ಪೆಟ್ಟಿಗೆಯಲ್ಲಿ ಮರಿ ಇಟ್ಟು, ಪಕ್ಕದಲ್ಲಿ ಕ್ಯಾಮೆರಾ ಕಟ್ಟಿ, ನೂರು ಮೀಟರಿಗೂ ದೂರ ಹೋಗಬೇಕು. ತಾಯಿ ಬಂದು ಪೆಟ್ಟಿಗೆ ಉರುಳಿಸಿ ಒಂದೊಂದೇ ಮರಿಯನ್ನು ಹೊತ್ತೊಯ್ಯುತ್ತದೆ. ಎರಡು ಮರಿಯಲ್ಲಿ ಒಂದೇ ಹೋಗಿದ್ದರೆ ಮರುದಿನವೂ ಇಡಬೇಕು. ಮಹಾರಾಷ್ಟ್ರದ ಜುನ್ನರದ ಕಬ್ಬಿನ ಸೀಮೆಯಲ್ಲಿ ಈ ಕ್ರಮದಿಂದ ಬಹಳ ಮರಿಗಳು ತಾಯಿಯನ್ನು ಸೇರಿವೆ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ನೋಡಲೆಂದು ಜನ ಸುತ್ತ ನಿಲ್ಲುತ್ತಾರೆ, ತಾಯಿ ಬರುವುದಿಲ್ಲ. ಮರಿ ಕಾಣೆಯಾದ ತಾಯಿ ಅದೇ ಗದ್ದೆಯ ಸುತ್ತ ಸುಳಿಯುತ್ತಿರುತ್ತದೆ, ಕೂಲಿಯವರಿಗೆ ಅಪಾಯ ಆಗಲೇ.

ಬಾವಿ, ಕೃಷಿ ಹೊಂಡ

ನೆಲಮಟ್ಟದ ಹಳೆಯ ಬಾವಿಗೆ ನಾಲ್ಕಡಿ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ ಹಾಕಿದರೆ ಚಿರತೆಗಷ್ಟೇ ಅಲ್ಲ, ಮಕ್ಕಳಿಗೂ ದನಕ್ಕೂ ಒಳ್ಳೆಯದು. ಬಿದ್ದದ್ದು ಈಜುತ್ತಿದ್ದರೆ ಮೊದಲು ಅದಕ್ಕೆ ಆನಿಕೆ ಬೇಕು: ನಾಲ್ಕು ಮೂಲೆಗೆ ಹಗ್ಗ ಕಟ್ಟಿದ ಮಂಚ ಅಥವಾ ಟಯರು ಇಳಿಬಿಡಿ. ಆಮೇಲೆ ಜನ ಹಿಂದೆ ಸರಿದು, ಉದ್ದ ಏಣಿ ಇಳಿಸಿ ಬಿಟ್ಟರೆ ಕತ್ತಲಾದ ಮೇಲೆ ತಾನೇ ಏರಿ ಹೋಗುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇನ್ನೂ ಮೋಸದ್ದು, ಬದಿ ಜಾರುತ್ತದೆ. ಎರಡು ಮೂಲೆಯಲ್ಲಿ ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗದ ಬಲೆಯನ್ನೋ ಟಯರಿನ ಸರಪಳಿಯನ್ನೋ ಕಾಯಂ ಇಳಿಬಿಟ್ಟಿರಿ.

ಹಿಡಿದು ಬೇರೆಡೆ ಬಿಡುವ ಮಾತು

ಬೋನು ಇಡಿ ಎಂಬ ಒತ್ತಡ ಪ್ರತಿ ಊರಿನಲ್ಲೂ ಬರುತ್ತದೆ. ಹಿಡಿದ ಜಾಗ ಖಾಲಿ ಉಳಿಯುವುದಿಲ್ಲ, ಪಕ್ಕದ ಚಿರತೆ ಬಂದು ಸೇರುತ್ತದೆ. ಒಯ್ದು ಬಿಟ್ಟದ್ದೂ ಬಿಟ್ಟಲ್ಲಿ ನಿಲ್ಲುವುದಿಲ್ಲ. 2009ರಲ್ಲಿ ಮಹಾರಾಷ್ಟ್ರದ ಟಾಕಳಿ ಢೋಕೇಶ್ವರದ ಬಾವಿಯಿಂದ ಎತ್ತಿ, ರೇಡಿಯೊ ಕಾಲರ್ ಹಾಕಿ ಮಾಳಶೇಜ್ ಘಾಟಿನಲ್ಲಿ ಬಿಟ್ಟ ಗಂಡು ಚಿರತೆ ಸುಮಾರು 120 ಕಿ.ಮೀ. ನಡೆದು ಮುಂಬಯಿಯ ಸಂಜಯ್ ಗಾಂಧಿ ಉದ್ಯಾನ ಸೇರಿತು. ಜುನ್ನರದಲ್ಲಿ 2001ರಿಂದ ದೊಡ್ಡ ಪ್ರಮಾಣದಲ್ಲಿ ಹಿಡಿದು ಬೇರೆ ಕಾಡಿಗೆ ಬಿಟ್ಟಾಗ, ಅದುವರೆಗೆ ವರ್ಷಕ್ಕೆ ಸರಾಸರಿ ನಾಲ್ಕಿದ್ದ ಮನುಷ್ಯರ ಮೇಲಿನ ದಾಳಿ 17ಕ್ಕೇರಿತು ಎಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬರಿಯ ಓಡಾಟ ಕಂಡಿತೆಂದು ಹಿಡಿಯಬಾರದು ಎನ್ನುತ್ತದೆ. ಮನುಷ್ಯರ ಮೇಲೆ ಬಿದ್ದ ಚಿರತೆಯ ಮಾತು ಬೇರೆ; ಅದನ್ನು ಹಿಡಿಯಲೇಬೇಕು, ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವಿರುತ್ತದೆ.

ಉರುಳು

ಬೇಲಿಸಾಲಿನಲ್ಲಿ ಕಾಡುಹಂದಿಗೆಂದು ಒಡ್ಡಿದ ಕ್ಲಚ್ ತಂತಿಯ ಉರುಳಿಗೆ ಚಿರತೆ ಸಿಕ್ಕುತ್ತದೆ. ಸೊಂಟಕ್ಕೆ ಬಿದ್ದರೆ ಎಳೆದಷ್ಟೂ ಬಿಗಿದು ಒಳಗಿನ ಅಂಗಗಳು ಜಜ್ಜಿಹೋಗುತ್ತವೆ. ಹೊರಗೆ ಗಾಯ ಕಾಣದಿದ್ದರೂ ಎರಡು-ಮೂರು ದಿನದಲ್ಲಿ ಸಾಯುತ್ತದೆ. ಸಿಕ್ಕಿಕೊಂಡದ್ದನ್ನು ಕಂಡರೆ ಹತ್ತಿರ ಹೋಗಬೇಡಿ, ಗಾಬರಿಯಿಂದ ಎಗರಿದಾಗ ತಂತಿ ಕಿತ್ತು ಮೈಮೇಲೆ ಬಂದದ್ದಿದೆ. ಜನರನ್ನು ಅದರ ಕಣ್ಣಿಗೆ ಬೀಳದಷ್ಟು ದೂರ ಕಳಿಸಿ, ಸದ್ದು ನಿಲ್ಲಿಸಿ, ತಂತಿ ಯಾವುದಕ್ಕೆ ಕಟ್ಟಿದೆ, ಮೈಯ ಯಾವ ಭಾಗಕ್ಕೆ ಬಿದ್ದಿದೆ ಎಂಬುದನ್ನು ದೂರದಿಂದಲೇ ನೋಡಿ ಫೋನಿನಲ್ಲಿ ಹೇಳಿ. ವೈದ್ಯರು ತರಬೇಕಾದ ಸಲಕರಣೆ ಅದರ ಮೇಲೆ ನಿಂತಿದೆ. ಕಬ್ಬು ಕಟಾವಿಗೆ ಮುಂಚೆ, ರಾಗಿ ತೆನೆ ಕಟ್ಟುವ ಹೊತ್ತಿಗೆ ಒಮ್ಮೆ ಇಬ್ಬರು ಮೂವರು ಸೇರಿ ಬೇಲಿಸಾಲು, ಹಳ್ಳದ ದಾರಿ, ಕಾಲುವೆಯ ಅಂಚು ನಡೆದು ನೋಡಿ. ನೆಲದಿಂದ ಮೊಣಕಾಲೆತ್ತರದೊಳಗೆ, ಪೊದೆಯ ಬುಡಕ್ಕೋ ಗೂಟಕ್ಕೋ ಕಟ್ಟಿದ ತಂತಿಯ ಕುಣಿಕೆ ಕಂಡರೆ ಫೋಟೊ ತೆಗೆದು, ಜಾಗ ಗುರುತಿಸಿ, ಗಸ್ತಿನ ಅರಣ್ಯ ರಕ್ಷಕರ ಎದುರೇ ಬಿಚ್ಚಿಸಿ. ಒಂದು ಉರುಳು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಅದೇ ಸಾಲಿನಲ್ಲಿ ಇನ್ನೂ ನಾಲ್ಕೈದು ಇರುತ್ತವೆ.